ಲಸಿಕೆ ಹಾಕಿದ ಮೇಲೂ ಪಿಆರ್‌ಆರ್‌ಎಸ್ ಯಾಕೆ?

ಲಸಿಕೆ ಕೊಟ್ಟ ಹಂದಿಗಳಿಗೂ ಪಿಆರ್‌ಆರ್‌ಎಸ್ (ಹಂದಿಗಳಿಗೆ ಗರ್ಭಪಾತ, ಉಸಿರಾಟದ ತೊಂದರೆ ತರುವ ವೈರಸ್ ರೋಗ) ಹೇಗೆ ಬಂತು ಅಂತ ಕೇಳಿದ್ದೀರಿ. ತಪ್ಪು ನಿಮ್ಮದಲ್ಲ, ವೈರಸ್ ಅಷ್ಟು ಬೇಗ ಬದಲಾಗುತ್ತೆ. ಸುಮಾರು 15,000 ಅಕ್ಷರಗಳ ಆರ್‌ಎನ್‌ಎ ನಕಲು ಮಾಡುವಾಗ ತಪ್ಪು ತಿದ್ದುವ ವ್ಯವಸ್ಥೆಯೇ ಅದಕ್ಕಿಲ್ಲ. ಈ ವೈರಸ್ಸಿನ ಯುರೋಪಿನ ಬಗೆಗೂ ಅಮೆರಿಕದ ಬಗೆಗೂ ಹೋಲಿಕೆ ಶೇ. 60ರ ಆಸುಪಾಸು ಅಷ್ಟೇ. ಸಾಲದ್ದಕ್ಕೆ ಹೊರಮೈಯ ಜಿಪಿ5 ಪ್ರೋಟೀನ್ ಸಕ್ಕರೆಯ ಸರಪಳಿ ಹೊದ್ದು ಕೂತಿರುತ್ತೆ, ಪ್ರತಿಕಾಯಗಳಿಗೆ ಹಿಡಿತ ಸುಲಭಕ್ಕೆ ಸಿಗಲ್ಲ.

ದುರ್ಬಲಗೊಳಿಸಿದ ಜೀವಂತ ಲಸಿಕೆ ತನಗೆ ಹತ್ತಿರದ ವೈರಸ್ ತಳಿಯ ವಿರುದ್ಧ ಚೆನ್ನಾಗಿ ಕೆಲಸ ಮಾಡುತ್ತೆ. ಆದರೆ 1996ರಲ್ಲಿ ಡೆನ್ಮಾರ್ಕ್‌ನಲ್ಲಿ ಲಸಿಕೆಯ ವೈರಸ್ಸೇ ಹಿಂಡುಗಳಲ್ಲಿ ಹರಡಿ ಗರ್ಭಪಾತ ಮಾಡಿಸಿತು. ಹಲವು ತಳಿಗಳ ಸಮಾನ ಅಂಶ ಸೇರಿಸಿ ಕಟ್ಟುವ ಲಸಿಕೆಯ ಮೇಲೆ ನನಗೆ ಹೆಚ್ಚು ನಂಬಿಕೆ. ಸದ್ಯಕ್ಕೆ ನಿಮ್ಮ ಫಾರ್ಮಿನಲ್ಲಿರೋ ವೈರಸ್ ತಳಿ ಯಾವುದು ಅಂತ ಸೀಕ್ವೆನ್ಸಿಂಗ್ (ಅದರ ಆರ್‌ಎನ್‌ಎ ಅಕ್ಷರ ಓದುವ ಪರೀಕ್ಷೆ) ಮಾಡಿಸಿ, ಹೊಸ ಹಂದಿಗಳನ್ನು ಬೇರೆ ಇಡಿ.