3200ರ ರ‍್ಯಾಮ್ 2133ರಲ್ಲೇ ಯಾಕೆ ಓಡುತ್ತಿದೆ?

ವೇಗ 3200 ಅಂತ ಬರೆದಿರುವ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್ ಹಾಕಿದ್ದೀರಿ, ಟಾಸ್ಕ್ ಮ್ಯಾನೇಜರ್ ಮಾತ್ರ 2133 ತೋರಿಸುತ್ತಿದೆ, ಇದು ಡೂಪ್ಲಿಕೇಟಾ, ವಾಪಸ್ ಕೊಡಬೇಕಾ ಎಂದು ಕೇಳಿದ್ದೀರಿ. ಸದ್ಯಕ್ಕೆ ವಾಪಸ್ ಕೊಡಬೇಡಿ. ಸ್ಟಿಕ್ ಸರಿಯಾಗೇ ಇರಬಹುದು. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡ್‌ನ ಪ್ರೋಗ್ರಾಂ) ಒಂದು ಸೆಟ್ಟಿಂಗ್ ಆನ್ ಆಗಿಲ್ಲ, ಹೆಚ್ಚಾಗಿ ಅಷ್ಟೇ ಇರುತ್ತದೆ.

ಪ್ರತಿ ಸ್ಟಿಕ್ ಮೇಲೂ ಎಸ್‌ಪಿಡಿ ಅನ್ನುವ ಪುಟ್ಟ ಚಿಪ್ ಇರುತ್ತದೆ. ಸ್ಟಿಕ್ ಯಾವ ವೇಗದಲ್ಲಿ, ಯಾವ ಟೈಮಿಂಗ್‌ನಲ್ಲಿ ಓಡಬಹುದು ಎಂಬುದು ಅದರಲ್ಲಿ ಬರೆದಿರುತ್ತದೆ. ಪವರ್ ಆನ್ ಮಾಡಿದಾಗ ಮದರ್‌ಬೋರ್ಡ್ ಅದನ್ನು ಓದಿ, ತೊಂದರೆ ಕೊಡದ ಸ್ಟ್ಯಾಂಡರ್ಡ್ ವೇಗವನ್ನು ಆರಿಸಿಕೊಳ್ಳುತ್ತದೆ. ಡಿಡಿಆರ್4ನಲ್ಲಿ ಅದು ಸಾಮಾನ್ಯವಾಗಿ 2133, 2400 ಅಥವಾ 2666, ವೋಲ್ಟೇಜ್ 1.2. ಡಬ್ಬದ ಮೇಲಿನ 3200 ಎಷ್ಟೋ ಸಲ 1.35 ವೋಲ್ಟ್‌ನಲ್ಲಿ ಸಿಗುವ ವೇಗ. ಅದು ಅದೇ ಚಿಪ್‌ನಲ್ಲಿ ಬೇರೆ ಪ್ರೊಫೈಲ್ ಆಗಿ ಇರುತ್ತದೆ. ನೀವು ಹೇಳುವವರೆಗೆ ಬೋರ್ಡ್ ಅದನ್ನು ಮುಟ್ಟುವುದಿಲ್ಲ.

ರೀಸ್ಟಾರ್ಟ್ ಮಾಡಿ, ಡಿಲೀಟ್ ಅಥವಾ ಎಫ್2 ಒತ್ತುತ್ತಾ ಬಯೋಸ್‌ಗೆ ಹೋಗಿ. ಅಲ್ಲಿ ಎಕ್ಸ್‌ಎಂಪಿ ಹುಡುಕಿ, ಆ 3200ರ ಪ್ರೊಫೈಲ್ ಆನ್ ಮಾಡುವ ಸೆಟ್ಟಿಂಗ್ ಅದೇ. ಎಎಂಡಿ ಬೋರ್ಡ್ ಆದರೆ ಡಿಒಸಿಪಿ ಅಥವಾ ಎ-ಎಕ್ಸ್‌ಎಂಪಿ ಅಂತಲೂ ಇರಬಹುದು. ಪ್ರೊಫೈಲ್ 1 ಆರಿಸಿ, ಸೇವ್ ಮಾಡಿ ಹೊರಗೆ ಬನ್ನಿ. ಆಮೇಲೆ ವೇಗ ತೋರಿಸುವ ಸಿಪಿಯು-ಝಡ್ ಪ್ರೋಗ್ರಾಂನಲ್ಲಿ 1600 ಕಂಡರೆ ಗಾಬರಿ ಬೇಡ. ಡಿಡಿಆರ್ ಒಂದು ಕ್ಲಾಕ್‌ಗೆ ಎರಡು ಸಲ ಡೇಟಾ ಕಳಿಸುತ್ತದೆ. ಆ 1600ರ ಎರಡರಷ್ಟೇ ನಿಮ್ಮ 3200.

ಆದರೂ ಏರದಿದ್ದರೆ ಬೋರ್ಡ್ ಮತ್ತು ಪ್ರೊಸೆಸರ್ ಯಾವುದು ನೋಡಿ. ಉದಾಹರಣೆಗೆ, ಇಂಟೆಲ್‌ನ 10ನೇ ಪೀಳಿಗೆಯ ಐ5 ಅನ್ನು ಬಿ460 ಅಥವಾ ಎಚ್410 ಬೋರ್ಡ್‌ನಲ್ಲಿ ಹಾಕಿದ್ದರೆ 2666ಕ್ಕೇ ನಿಲ್ಲುತ್ತದೆ. ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಇದ್ದರೆ, ಎರಡು ಸ್ಟಿಕ್‌ಗಳು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯದರಲ್ಲಿರಬೇಕು. ಬೇರೆ ಬೇರೆ ಸಮಯದಲ್ಲಿ ಕೊಂಡ ಸ್ಟಿಕ್‌ಗಳನ್ನು ಜೊತೆ ಮಾಡಿದ್ದರೆ, ಮಾಡೆಲ್ ಒಂದೇ ಆಗಿದ್ದರೂ ಒಳಗಿನ ಚಿಪ್ ಬೇರೆ ಇರಬಹುದು. ಆಗ ಪೂರ್ತಿ ವೇಗ ಸಿಕ್ಕೇ ಸಿಗುತ್ತದೆ ಅನ್ನಲಾಗದು.

ಸ್ಕ್ರೀನ್ ಕಪ್ಪಾಗಿಯೇ ಉಳಿದರೆ ಸ್ವಲ್ಪ ಕಾಯಿರಿ, ಎಷ್ಟೋ ಬೋರ್ಡ್‌ಗಳು ಕೆಲವು ಸಲ ಪ್ರಯತ್ನಿಸಿ ತಾವೇ ಹಳೇ ವೇಗಕ್ಕೆ ಮರಳುತ್ತವೆ. ಮರಳದಿದ್ದರೆ ಪವರ್ ಕೇಬಲ್ ತೆಗೆದು, ಬೋರ್ಡ್‌ನ ಮ್ಯಾನುಯಲ್ ನೋಡಿಕೊಂಡು ಸಿಮಾಸ್ ಕ್ಲಿಯರ್ ಮಾಡಿ, ಅಂದರೆ ಬಯೋಸ್ ಸೆಟ್ಟಿಂಗ್‌ಗಳನ್ನು ಅಳಿಸಿ ಮೊದಲಿನಂತೆ ಮಾಡಿ. ಮತ್ತೆ ಪ್ರೊಫೈಲ್ ಆನ್ ಮಾಡಿ, ವೇಗವನ್ನು ಮಾತ್ರ 3000ಕ್ಕೆ ಅಥವಾ 2933ಕ್ಕೆ ಇಳಿಸಿ.

ಈಗ ತುಂಬಾ ಜನ ಬಿಟ್ಟುಬಿಡುವ ಕೆಲಸ. 3200 ಕಂಡ ತಕ್ಷಣ ಮುಗಿಯಲಿಲ್ಲ. ಪ್ರೊಫೈಲ್ ಆನ್ ಮಾಡುವುದು ಒಂದು ರೀತಿಯ ಓವರ್‌ಕ್ಲಾಕಿಂಗೇ (ಸ್ಟ್ಯಾಂಡರ್ಡ್ ವೇಗಕ್ಕಿಂತ ಹೆಚ್ಚು ಓಡಿಸುವುದು), ನಿಮ್ಮ ಪ್ರೊಸೆಸರ್ ಅದನ್ನು ತಾಳಿಕೊಳ್ಳುತ್ತದೆಯೇ ಎಂದು ಪರೀಕ್ಷಿಸಲೇಬೇಕು. ಪೆನ್‌ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ಎರರ್ ಬಂದರೂ ಆ ವೇಗ ಬೇಡ. ನಾನು ನೋಡಿದ ಒಂದು ಕಂಪ್ಯೂಟರ್‌ನಲ್ಲಿ ಎಲ್ಲಾ ಚೆನ್ನಾಗೇ ಕಾಣುತ್ತಿತ್ತು, ಗೇಮ್ ಕೂಡ ಓಡುತ್ತಿತ್ತು. ಆದರೆ ದೊಡ್ಡ ಜಿಪ್ ಫೈಲ್ ಬಿಚ್ಚಿದರೆ ಒಮ್ಮೆ ಕರಪ್ಟ್ ಅಂತಿತ್ತು, ಅದೇ ಫೈಲ್ ಮತ್ತೊಮ್ಮೆ ಸರಿಯಾಗಿ ಬಿಚ್ಚಿಕೊಳ್ಳುತ್ತಿತ್ತು. ರ‍್ಯಾಮ್ ವೇಗ ಒಂದು ಮೆಟ್ಟಿಲು ಇಳಿಸಿದ ಮೇಲೆ ಆ ಕಾಟ ನಿಂತಿತು. ಕ್ರ್ಯಾಶ್ ಆದರೆ ಕಣ್ಣಿಗಾದರೂ ಕಾಣುತ್ತದೆ. ಮೆಮೊರಿಯಲ್ಲಿ ತಪ್ಪಿದ ಬಿಟ್ ಸದ್ದಿಲ್ಲದೆ ನಿಮ್ಮ ಫೋಟೋಗೋ ಲೆಕ್ಕದ ಫೈಲ್‌ಗೋ ಸೇರಿಬಿಡುತ್ತದೆ, ಅದೇ ನನಗೆ ಹೆಚ್ಚು ಭಯ. 3200 ಮತ್ತು 3000ರ ನಡುವಿನ ವ್ಯತ್ಯಾಸ ದಿನದ ಕೆಲಸದಲ್ಲಿ ಗೊತ್ತೇ ಆಗುವುದಿಲ್ಲ, ಅದಕ್ಕಾಗಿ ಇಷ್ಟು ಅಪಾಯ ಬೇಡ ಅಲ್ವಾ?

ಇನ್ನೊಂದು, ಬಯೋಸ್ ಅಪ್‌ಡೇಟ್ ಮಾಡಿದರೆ ಈ ಸೆಟ್ಟಿಂಗ್ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಮತ್ತೆ 2133 ಕಂಡರೆ ಮೊದಲು ಅದನ್ನೇ ನೋಡಿ.