ಚಿತ್ರ ಈ ಊರಿನದು, ಕೈ ಯಾವ ಊರಿನದು?

ಓದುಗರೊಬ್ಬರ ಪತ್ರ: ‘ಎರಡು ಮೂರು ದಿನದ ಮಟ್ಟಿಗೆ ಯಾವುದಾದರೂ ನಗರ ನೋಡಲು ಹೋದಾಗಲೆಲ್ಲ ಮನೆಯವರಿಗೆ, ಸ್ನೇಹಿತರಿಗೆ ಏನಾದರೂ ತರಬೇಕು ಅನ್ನಿಸುತ್ತದೆ. ಕೊನೆಯ ದಿನ ಅಂಗಡಿ ಅಂಗಡಿ ಅಲೆಯುತ್ತೇನೆ. ಎಲ್ಲ ಕಡೆ ಅದೇ ಫ್ರಿಜ್ ಮ್ಯಾಗ್ನೆಟ್, ಅದೇ ಕೀ ಚೈನ್, ಅದೇ ಶಾಲು. ಈ ಸಲ ತಂದ ಪಿಂಗಾಣಿ ಬಟ್ಟಲನ್ನು ಮನೆಗೆ ಬಂದು ತಿರುಗಿಸಿ ನೋಡಿದರೆ ಅಡಿಯಲ್ಲಿ ಬೇರೆ ಯಾವುದೋ ದೇಶದ ಹೆಸರು. ಭಾಷೆ ಗೊತ್ತಿಲ್ಲದ ಊರಲ್ಲಿ, ಇಷ್ಟು ಕಡಿಮೆ ಹೊತ್ತಿನಲ್ಲಿ, ನಿಜವಾಗಿ ಅಲ್ಲೇ ತಯಾರಾದ ವಸ್ತುವನ್ನು ಹುಡುಕುವುದು ಹೇಗೆ? ಚೌಕಾಸಿ ಮಾಡಿದರೆ ತಪ್ಪೇ?’

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಬಟ್ಟಲನ್ನು ತಿರುಗಿಸಿ ನೋಡಿದಿರಿ ಅಂದಿರಲ್ಲ, ಬಹಳ ಜನ ಅಷ್ಟೂ ಮಾಡುವುದಿಲ್ಲ. ಇನ್ನು ಮುಂದೆ ಅದನ್ನು ಅಂಗಡಿಯಲ್ಲೇ ಮಾಡಿ, ದುಡ್ಡು ಕೊಡುವ ಮೊದಲೇ. ವಸ್ತುವಿನ ಮೇಲೆ ಊರಿನ ಗೋಪುರದ ಚಿತ್ರ ಇದ್ದ ಮಾತ್ರಕ್ಕೆ ಅದು ಆ ಊರಿನದಾಗುವುದಿಲ್ಲ. ಅದು ಎಲ್ಲಿ ಮಾರಾಟವಾಗಬೇಕು ಎಂಬುದನ್ನಷ್ಟೇ ಆ ಚಿತ್ರ ಹೇಳುತ್ತದೆ. ಯಾರ ಕೈಯಲ್ಲಿ, ಎಲ್ಲಿ ತಯಾರಾಯಿತು ಎಂಬುದನ್ನು ನಾವೇ ಕೇಳಿ ತಿಳಿಯಬೇಕು.

ಜೆಕ್ ದೇಶದ ರಾಜಧಾನಿ ಪ್ರಾಗ್ ನಗರವನ್ನೇ ನೋಡಿ. ಅಲ್ಲಿನ ಹಳೇ ಪೇಟೆಯ ಅಂಗಡಿಗಳಲ್ಲಿ ಒಂದರೊಳಗೊಂದು ಕೂರುವ ಮರದ ಗೊಂಬೆಗಳ ಸಾಲೇ ಇರುತ್ತದೆ. ಆ ಗೊಂಬೆ ರಷ್ಯಾದ್ದು. 1890ರ ದಶಕದಲ್ಲಿ ಮಾಸ್ಕೋ ಕಡೆ ಹುಟ್ಟಿದ್ದು. ಪ್ರಾಗ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೆ ದಾರ ಕಟ್ಟಿ ಆಡಿಸುವ ಮರದ ಗೊಂಬೆ ಮಾತ್ರ ಆ ಸೀಮೆಯದೇ. ಜೆಕ್ ಮತ್ತು ಸ್ಲೊವಾಕ್ ಜನರ ಗೊಂಬೆಯಾಟವನ್ನು ಯುನೆಸ್ಕೋ 2016ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಎರಡೂ ಬಗೆಯ ಗೊಂಬೆ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ ಇರಬಹುದು. ಮೊದಲೇ ಗೊತ್ತಿಲ್ಲದವರಿಗೆ ಎರಡೂ ಒಂದೇ. ಹಾಗಾಗಿ ಹೊರಡುವ ಮೊದಲು ಒಂದರ್ಧ ಗಂಟೆ ಇದಕ್ಕೆ ಕೊಡಿ. ಆ ಊರಲ್ಲಿ ಏನು ಸಿಗುತ್ತದೆ ಎಂದು ಹುಡುಕಬೇಡಿ. ಏನು ತಯಾರಾಗುತ್ತದೆ, ಈಗಲೂ ತಯಾರಾಗುತ್ತಿದೆಯಾ ಎಂದು ಹುಡುಕಿ. ಎಷ್ಟೋ ಊರುಗಳಲ್ಲಿ ಹೆಸರಾಂತ ಕಸುಬು ನಿಂತೇ ಹೋಗಿರುತ್ತದೆ, ಹೆಸರು ಮಾತ್ರ ಅಂಗಡಿ ಬೋರ್ಡಿನಲ್ಲಿ ಉಳಿದಿರುತ್ತದೆ.

ಕಸುಬು ಜೀವಂತವಾಗಿರುವ ಕಡೆ ಇನ್ನೊಂದು ತೊಂದರೆ. ಹೆಸರು ದೊಡ್ಡದಾದಷ್ಟೂ ನಕಲು ಜಾಸ್ತಿ. ವೆನಿಸ್ ಪಕ್ಕದ ಮುರಾನೋ ದ್ವೀಪದ ಗಾಜು ಇದಕ್ಕೆ ಒಳ್ಳೆಯ ಉದಾಹರಣೆ. ಕುಲುಮೆಗಳಿಂದ ಊರಿಗೆ ಬೆಂಕಿ ಬಿದ್ದೀತು ಎಂಬ ಭಯಕ್ಕೆ ವೆನಿಸ್ ಸರ್ಕಾರ 1291ರಲ್ಲಿ ಗಾಜಿನವರನ್ನೆಲ್ಲ ಆ ದ್ವೀಪಕ್ಕೆ ಕಳಿಸಿತು. ಏಳು ಶತಮಾನ ಕಳೆದರೂ ಅಲ್ಲಿ ಇವತ್ತಿಗೂ ಗಾಜು ಊದುತ್ತಾರೆ. ಆದರೆ ವೆನಿಸ್‌ನ ಗಲ್ಲಿಗಳಲ್ಲಿ ಮುರಾನೋ ಹೆಸರಲ್ಲಿ ಮಾರುವ ಗಾಜೆಲ್ಲ ಆ ಕುಲುಮೆಗಳಿಂದ ಬಂದದ್ದಲ್ಲ. ಇದನ್ನು ತಡೆಯಲೆಂದೇ ಅಲ್ಲಿನ ಪ್ರಾಂತ್ಯ ಸರ್ಕಾರ 1994ರಲ್ಲಿ ಕಾನೂನು ಮಾಡಿ, ದ್ವೀಪದಲ್ಲಿ ತಯಾರಾದ ಗಾಜಿಗೆ ‘ವೆಟ್ರೊ ಆರ್ಟಿಸ್ಟಿಕೊ ಮುರಾನೋ’ ಎಂಬ ಗುರುತು ಕೊಟ್ಟಿತು. ಆ ಚೀಟಿ ಇದೆಯಾ ನೋಡಿ. ಇಲ್ಲದಿದ್ದರೆ ಕೂಡಲೇ ನಕಲಿ ಎಂದು ತೀರ್ಮಾನಿಸಬೇಡಿ. ಆ ಗುರುತಿನ ವ್ಯವಸ್ಥೆಗೆ ಸೇರದ ಪ್ರಾಮಾಣಿಕ ಕೆಲಸಗಾರರೂ ಇರುತ್ತಾರೆ. ಆಗ ಕಣ್ಣಿಗೆ ಕೆಲಸ ಕೊಡಿ. ಊದಿ ಮಾಡಿದ ಎರಡು ಲೋಟ ಅಚ್ಚು ಹೊಡೆದ ಹಾಗೆ ಒಂದೇ ಥರ ಇರುವುದಿಲ್ಲ. ದಪ್ಪದಲ್ಲಿ, ಬಾಯಿಯಲ್ಲಿ, ಬಣ್ಣ ಹರಿದ ರೀತಿಯಲ್ಲಿ ಏನೋ ಒಂದು ವ್ಯತ್ಯಾಸ ಇದ್ದೇ ಇರುತ್ತದೆ. ಕೂದಲೆಳೆಯಷ್ಟೂ ಬೇರೆಯಾಗದ ಲೋಟಗಳು ಡಜನ್‌ಗಟ್ಟಲೆ ಜೋಡಿಸಿದ್ದರೆ ಮುಂದಕ್ಕೆ ನಡೆಯಿರಿ. ಎಲ್ಲಕ್ಕಿಂತ ಒಳ್ಳೆಯ ದಾರಿ ದೋಣಿ ಹತ್ತಿ ಆ ದ್ವೀಪಕ್ಕೇ ಹೋಗುವುದು. ಕುಲುಮೆ ಉರಿಯುವುದನ್ನು ನೋಡಿದ ಮೇಲೆ ಲೋಟ ಕೊಳ್ಳದೇ ಬಂದರೂ ನಷ್ಟವಿಲ್ಲ.

ಇಂಥ ಗುರುತುಗಳು ಬೇರೆ ಕಡೆಯೂ ಇವೆ. ಜಪಾನಿನಲ್ಲಿ 1974ರಲ್ಲಿ ಸಾಂಪ್ರದಾಯಿಕ ಕಸುಬುಗಳಿಗೆಂದೇ ಕಾನೂನು ಬಂತು. ಮುಖ್ಯ ಕೆಲಸ ಕೈಯಲ್ಲೇ ಆಗಬೇಕು, ದಿನಬಳಕೆಯ ವಸ್ತುವಾಗಿರಬೇಕು, ಹಳೆಯ ವಿಧಾನ ಮತ್ತು ಹಳೆಯ ಕಚ್ಚಾ ಸಾಮಗ್ರಿಯನ್ನೇ ಬಳಸಬೇಕು ಎಂಬ ಷರತ್ತುಗಳಿವೆ. ಅದನ್ನು ದಾಟಿದ 200ಕ್ಕೂ ಹೆಚ್ಚು ಕಸುಬುಗಳ ವಸ್ತುಗಳಿಗೆ ಸರ್ಕಾರಿ ಗುರುತಿನ ಚೀಟಿ ಅಂಟಿಸಬಹುದು. ಯುರೋಪಿಯನ್ ಒಕ್ಕೂಟದಲ್ಲೂ ಕರಕುಶಲ ವಸ್ತುಗಳಿಗೆ ಊರಿನ ಹೆಸರಿನ ರಕ್ಷಣೆ ಕೊಡುವ ನಿಯಮ 2025ರ ಡಿಸೆಂಬರ್‌ನಿಂದ ಜಾರಿಗೆ ಬಂದಿದೆ.

ಆದರೆ ಗುರುತನ್ನೂ ಬಿಡಿಸಿ ಓದಬೇಕಾಗುತ್ತದೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ಊರಿನ ನೀಲಿ ಪಿಂಗಾಣಿ ಗೊತ್ತಲ್ವಾ? 17ನೇ ಶತಮಾನದ ಅಲ್ಲಿನ ಕಾರ್ಖಾನೆಗಳಲ್ಲಿ ಇವತ್ತಿನವರೆಗೆ ಉಳಿದು ಬಂದದ್ದು 1653ರಲ್ಲಿ ಶುರುವಾದ ರಾಯಲ್ ಡೆಲ್ಫ್ಟ್ ಒಂದೇ. ಅದರಲ್ಲೂ ಕುಂಚ ಹಿಡಿದು ಬರೆದದ್ದು ಬೇರೆ, ಚಿತ್ರ ಅಚ್ಚು ಹಾಕಿದ್ದು ಬೇರೆ. ಕೈಯಲ್ಲಿ ಬರೆದ ತಟ್ಟೆಯ ಅಡಿಯಲ್ಲಿ ಕಾರ್ಖಾನೆಯ ಗುರುತಿನ ಜೊತೆ ಬರೆದವರ ಹೆಸರಿನ ಮೊದಲಕ್ಷರ ಮತ್ತು ವರ್ಷ ಸೂಚಿಸುವ ಅಕ್ಷರ ಇರುತ್ತದೆ. ತಟ್ಟೆ ಬರೆದವರು ಯಾರು, ಯಾವ ವರ್ಷ ಎಂಬುದು ತಟ್ಟೆಯಲ್ಲೇ ಉಳಿದಿರುತ್ತದೆ! ನನಗೆ ಇದಕ್ಕಿಂತ ದೊಡ್ಡ ನೆನಪಿನ ಕಾಣಿಕೆ ಬೇಡ ಅನ್ನಿಸುತ್ತದೆ.

ಚೀಟಿಯ ಮಾತುಗಳು ದಾರಿ ತಪ್ಪಿಸುವುದೂ ಉಂಟು. ಆಸ್ಟ್ರೇಲಿಯಾದ ಒಂದು ಕಂಪನಿ 2015ರಿಂದ 2017ರವರೆಗೆ ಬೂಮರಾಂಗ್, ಡಿಜೆರಿಡೂ ಎಂಬ ಊದುವ ವಾದ್ಯ ಮುಂತಾದ 18,000ಕ್ಕೂ ಹೆಚ್ಚು ವಸ್ತುಗಳನ್ನು ಮಾರಿತ್ತು. ಮೂಲನಿವಾಸಿಗಳ ಕಲೆ, ಕೈಯಲ್ಲಿ ಬಣ್ಣ ಹಾಕಿದ್ದು, ಆಸ್ಟ್ರೇಲಿಯಾ, ಹೀಗೆಲ್ಲ ಅವುಗಳ ಮೇಲೆ ಬರೆದಿತ್ತು. ತಯಾರಾದದ್ದು ಮಾತ್ರ ಇಂಡೋನೇಷ್ಯಾದಲ್ಲಿ. 2019ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ 23 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಕೈಯಲ್ಲೇ ಬಣ್ಣ ಹಾಕಿರಬಹುದು, ಆದರೆ ಯಾರ ಕೈ? ಇಂಡೋನೇಷ್ಯಾದ ಕೆಲಸಗಾರರ ಕೈಯಲ್ಲಿ ದೋಷವಿಲ್ಲ. ತಲೆತಲಾಂತರದಿಂದ ಆ ಚಿತ್ರಗಳನ್ನು ಕಾಪಾಡಿಕೊಂಡು ಬಂದ ಜನರ ಹೆಸರು ಹೇಳಿ ದುಡಿದು, ಅವರಿಗೆ ಏನೂ ತಲುಪದ ಹಾಗೆ ಮಾಡಿದ್ದು ಅನ್ಯಾಯ. ಅಮೆರಿಕದಲ್ಲಿ ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದೆಂದು ಹೇಳಿ ಮಾರುವುದು 1990ರ ಕಾನೂನಿನ ಪ್ರಕಾರ ಅಪರಾಧ. ಹಾಗಾಗಿ ‘ಕೈಕೆಲಸ’ ಎಂದು ಬರೆದಿದ್ದರೆ ಅಲ್ಲಿಗೆ ನಿಲ್ಲಬೇಡಿ. ‘ಇಲ್ಲಿ ವಿನ್ಯಾಸ ಮಾಡಿದ್ದು’ ಎಂದಿದ್ದರೆ ತಯಾರಾದದ್ದು ಎಲ್ಲಿ ಎಂದು ಕೇಳಿ.

ಅಂಗಡಿಯಲ್ಲಿ ನೀವೇ ಮಾಡಬಹುದಾದ ಪರೀಕ್ಷೆಗಳೂ ಇವೆ. ರತ್ನಗಂಬಳಿ ಕೊಳ್ಳುವುದಾದರೆ ಮಗುಚಿ ಹಾಕಿ. ಗಂಟು ಕಟ್ಟಿ ನೇಯ್ದದ್ದಾದರೆ ಮುಂದಿನ ಚಿತ್ರ ಹಿಂದೆಯೂ ಸ್ಪಷ್ಟವಾಗಿ ಕಾಣುತ್ತದೆ, ಒಂದೊಂದೇ ಗಂಟು ಎಣಿಸಬಹುದು. ತುದಿಯ ಕುಚ್ಚು ನೇಯ್ಗೆಯ ಉದ್ದನೆಯ ಎಳೆಗಳದೇ ಮುಂದುವರಿಕೆ ಆಗಿರಬೇಕು, ಆಮೇಲೆ ಹೊಲಿದು ಸೇರಿಸಿದ್ದಲ್ಲ. ಹಿಂದೆ ಬಟ್ಟೆ ಅಂಟಿಸಿ ಮುಚ್ಚಿದ್ದರೆ ಏಕೆ ಎಂದು ಕೇಳಿ. ಮರದ ಅಚ್ಚಿನಿಂದ ಒತ್ತಿದ ಬಟ್ಟೆಯಲ್ಲಿ ಅಚ್ಚು ಅಚ್ಚಿಗೆ ಸೇರುವ ಕಡೆ ಅಲ್ಲಲ್ಲಿ ಕೂದಲೆಳೆಯಷ್ಟು ಆಚೀಚೆ ಆಗಿರುತ್ತದೆ. ಚಿತ್ರಪಟ ಅಥವಾ ತಟ್ಟೆಯ ಮೇಲಿನ ಚಿತ್ರವಾದರೆ ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ. ಸಣ್ಣ ಸಣ್ಣ ಚುಕ್ಕಿಗಳ ಜಾಲ ಕಂಡರೆ ಅದು ಮುದ್ರಣ. ಕುಂಚದ್ದಾದರೆ ಬಣ್ಣ ಎಲ್ಲೋ ದಪ್ಪ, ಎಲ್ಲೋ ತೆಳು.

ಇಷ್ಟೆಲ್ಲ ಗೊತ್ತಾಗದಿದ್ದರೂ ಪರವಾಗಿಲ್ಲ. ಮಾತಾಡಿ. ಇದನ್ನು ಮಾಡಿದವರು ಯಾರು? ಎಲ್ಲಿದ್ದಾರೆ? ಒಂದು ಮಾಡಲು ಎಷ್ಟು ದಿನ ಹಿಡಿಯುತ್ತದೆ? ಮಾಡುವುದನ್ನು ನೋಡಬಹುದಾ? ಇಷ್ಟನ್ನು ಮೊಬೈಲಿನಲ್ಲಿ ಆ ಊರಿನ ಭಾಷೆಗೆ ಮಾಡಿಟ್ಟುಕೊಂಡು ತೋರಿಸಿದರೂ ಸಾಕು. ಮಾಡಿದವರೇ ಎದುರಿಗಿದ್ದರೆ ಮುಖ ಅರಳುತ್ತದೆ, ಬೇಡವೆಂದರೂ ಒಳಗೆ ಕರೆದು ತೋರಿಸುತ್ತಾರೆ. ಒಳ್ಳೆಯ ವ್ಯಾಪಾರಿಯಾದರೆ ಮಾಡಿದವರ ಹೆಸರು, ಊರು ಹೇಳುತ್ತಾರೆ. ‘ಎಲ್ಲಾ ಇಲ್ಲೇ, ಎಲ್ಲಾ ಕೈಯಲ್ಲೇ’ ಎಂಬ ಒಂದೇ ಮಾತು ಮತ್ತೆ ಮತ್ತೆ ಬಂದರೆ ನನಗೆ ಅಲ್ಲಿ ನಂಬಿಕೆ ಬರುವುದಿಲ್ಲ.

ಈಗ ಸಮಯದ ವಿಷಯ. ನಿಮ್ಮ ತೊಂದರೆಯ ಮೂಲ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಕೊನೆಯ ದಿನ ಹುಡುಕಲು ಹೊರಟರೆ ಉಳಿಯುವುದು ದೊಡ್ಡ ಚೌಕದ ಅಂಗಡಿ ಮತ್ತು ವಿಮಾನ ನಿಲ್ದಾಣ. ಕಸುಬಿನವರ ಕಾರ್ಖಾನೆಗಳು ಭಾನುವಾರ ಮುಚ್ಚಿರಬಹುದು, ಮಧ್ಯಾಹ್ನ ಬಾಗಿಲು ಹಾಕಬಹುದು. ಮೊದಲ ದಿನವೇ ಒಂದು ಬೆಳಿಗ್ಗೆಯನ್ನು ಇದಕ್ಕೆ ಎತ್ತಿಡಿ. ಅದನ್ನು ಖರೀದಿ ಅಂದುಕೊಳ್ಳಬೇಡಿ, ಊರು ನೋಡುವುದರಲ್ಲಿ ಅದೂ ಒಂದು ಭಾಗ. ಇಸ್ತಾಂಬುಲ್‌ನ ಗ್ರಾಂಡ್ ಬಜಾರ್ 15ನೇ ಶತಮಾನದ್ದು, ಸಾವಿರಾರು ಅಂಗಡಿಗಳಿವೆ. ಅಲ್ಲಿ ಸುತ್ತಿ ಸುಸ್ತಾಗಿ ಬರುವವರೇ ಹೆಚ್ಚು. ಆದರೆ ಬಜಾರಿನ ಸುತ್ತ ‘ಹಾನ್’ ಎಂದು ಕರೆಯುವ ಹಳೆಯ ವರ್ತಕರ ಛತ್ರಗಳಿವೆ. ನಡುವೆ ಅಂಗಳ, ಸುತ್ತ ಕೋಣೆಗಳು. ಅಂಥ ಕೋಣೆಗಳಲ್ಲಿ ಇವತ್ತಿಗೂ ಬೆಳ್ಳಿ, ತಾಮ್ರದ ಕೆಲಸ ಮಾಡುವವರು ಕೂತಿರುತ್ತಾರೆ. ಫ್ಲಾರೆನ್ಸ್‌ನಲ್ಲಿ ರಸ್ತೆ ಬದಿಯ ಚರ್ಮದ ಚೀಲಗಳ ನಡುವೆ ತಲೆ ಕೆಟ್ಟರೆ ಸಾಂತಾ ಕ್ರೋಚೆ ಚರ್ಚಿನ ಹಿಂಭಾಗಕ್ಕೆ ಹೋಗಿ. ಎರಡನೇ ಮಹಾಯುದ್ಧದಲ್ಲಿ ತಬ್ಬಲಿಗಳಾದ ಮಕ್ಕಳಿಗೆ ಕಸುಬು ಕಲಿಸಲೆಂದು ಪಾದ್ರಿಗಳು ಮತ್ತು ಚರ್ಮದ ಕೆಲಸದ ಮನೆತನದವರು ಸೇರಿ ಕಟ್ಟಿದ ಶಾಲೆ ಅಲ್ಲಿದೆ. ಚರ್ಮ ಕತ್ತರಿಸುವುದನ್ನು, ಹೊಲಿಯುವುದನ್ನು ಎದುರಿಗೇ ನೋಡಬಹುದು. ಬೇರೆ ಊರಿಗೆ ಹೋದಾಗಲೂ ಇಂಥದ್ದೇ ಜಾಗ ಹುಡುಕಿ: ಕಸುಬಿನ ಶಾಲೆ, ಕುಶಲಕರ್ಮಿಗಳ ಸಹಕಾರ ಸಂಘ, ಮುಖ್ಯ ರಸ್ತೆ ಬಿಟ್ಟು ಎರಡು ಗಲ್ಲಿ ಒಳಗೆ. ಮ್ಯೂಸಿಯಂ ಅಂಗಡಿಗಳಲ್ಲಿ ಒಳ್ಳೆಯದೂ ಇರುತ್ತದೆ, ಹೊರಗಿನಿಂದ ತರಿಸಿದ್ದೂ ಇರುತ್ತದೆ. ಅಲ್ಲೂ ತಿರುಗಿಸಿ ನೋಡಿ.

ಇನ್ನೊಂದು ಮಾತು. ಹಳೆಯ ಕಸುಬಿನದೇ ಆಗಬೇಕು ಎಂಬ ಹಟ ಬೇಡ. ಆ ಊರಿನ ಹುಡುಗಿಯೊಬ್ಬಳು ತನ್ನ ಬೀದಿಯನ್ನು ನೋಡಿ ಬರೆದು ಮುದ್ರಿಸಿದ ಚಿತ್ರ, ಅಲ್ಲಿನ ಸಣ್ಣ ಕಾರ್ಖಾನೆಯ ಯಂತ್ರದಲ್ಲೇ ತಯಾರಾದ ಸಾಬೂನು, ನೋಟ್ ಪುಸ್ತಕ, ಪೆನ್ಸಿಲ್ ಇವೂ ಆ ಊರಿನವೇ. ಊರಿನವರು ತಾವೇ ದಿನಾ ಬಳಸುವ ವಸ್ತು ಪ್ರವಾಸಿಗರಿಗೆಂದೇ ಮಾಡಿದ ಪರಂಪರೆಯ ವಸ್ತುವಿಗಿಂತ ಎಷ್ಟೋ ಮೇಲು ಎಂಬುದು ನನ್ನ ಅಭಿಪ್ರಾಯ.

ಆದರೆ ನಿಜವಾದ ವಸ್ತುವೆಂಬ ಆಸೆಗೆ ಕೊಳ್ಳಬಾರದ್ದನ್ನು ಕೊಳ್ಳಬೇಡಿ. ಲಿಸ್ಬನ್‌ನ ಹಳೆಯ ಗೋಡೆಗಳ ಮೇಲಿರುವ ಚಿತ್ರದ ಟೈಲ್ಸ್ ಬಹಳ ಚೆಂದ. ಅವನ್ನು ಗೋಡೆಯಿಂದ ಕಿತ್ತು ಕದ್ದು ಮಾರುವುದು ದೊಡ್ಡ ಪಿಡುಗಾಗಿ, 2007ರಲ್ಲಿ ಪೋರ್ಚುಗಲ್ ಪೊಲೀಸ್ ಇಲಾಖೆಯ ಮ್ಯೂಸಿಯಂ ಅದರ ವಿರುದ್ಧ ಅಭಿಯಾನವನ್ನೇ ಶುರು ಮಾಡಬೇಕಾಯಿತು. ಸಂತೆಯಲ್ಲಿ ಬಿಡಿಯಾಗಿ ಸಿಗುವ ಹಳೆಯ ಟೈಲ್ಸ್ ಎಲ್ಲಿಂದ ಬಂತು ಎಂಬುದಕ್ಕೆ ಕಾಗದವಿಲ್ಲದಿದ್ದರೆ ಮುಟ್ಟಬೇಡಿ. ಇವತ್ತಿನ ಕಲಾವಿದರು ಬರೆದ ಹೊಸ ಟೈಲ್ಸ್ ತನ್ನಿ, ಕಸುಬು ಉಳಿಯುವುದು ಅದರಿಂದಲೇ. ಆನೆದಂತ, ಕಡಲಾಮೆ ಚಿಪ್ಪು, ಕೆಲವು ಬಗೆಯ ಹವಳ ಮತ್ತು ಮರದ ವಸ್ತುಗಳ ಸಾಗಣೆಗೆ 1975ರಲ್ಲಿ ಜಾರಿಗೆ ಬಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿರ್ಬಂಧ ಇದೆ. ‘ಇಲ್ಲಿ ಎಲ್ಲರೂ ಕೊಳ್ಳುತ್ತಾರೆ’ ಎಂದು ಅಂಗಡಿಯವರು ಹೇಳಿದರೂ ಗಡಿಯಲ್ಲಿ ಉತ್ತರ ಕೊಡಬೇಕಾದವರು ನೀವು.

ಚೌಕಾಸಿ ತಪ್ಪಲ್ಲ, ಅದು ಅಲ್ಲಿನ ರೂಢಿಯಾಗಿದ್ದರೆ. ಬಜಾರುಗಳಲ್ಲಿ ವ್ಯಾಪಾರಿಯೇ ಅದಕ್ಕೆ ಜಾಗ ಇಟ್ಟು ಬೆಲೆ ಹೇಳಿರುತ್ತಾನೆ. ಆದರೆ ಮಾಡಿದವರೇ ಕೂತು, ಬೆಲೆ ಬರೆದು ಇಟ್ಟಿರುವ ಕಡೆ ಎಳೆದಾಡಬೇಡಿ. ಒಂದು ವಾರದ ಕೆಲಸವನ್ನು ಅರ್ಧ ಬೆಲೆಗೆ ಕೇಳಿದರೆ ಅವರಿಗೆ ನೋವಾಗುತ್ತದೆ. ಕೈಗೆ ಎಟುಕದಿದ್ದರೆ ಇದೇ ಕೆಲಸದಲ್ಲಿ ಚಿಕ್ಕದು ಇದೆಯಾ, ಸುಡುವಾಗ ಸ್ವಲ್ಪ ಸೊಟ್ಟಗಾದದ್ದು, ಬಣ್ಣ ಹೆಚ್ಚುಕಮ್ಮಿ ಆದದ್ದು ಇದೆಯಾ ಎಂದು ಕೇಳಿ. ಅನೇಕರ ಹತ್ತಿರ ಇರುತ್ತದೆ, ಖುಷಿಯಿಂದಲೇ ಕಡಿಮೆಗೆ ಕೊಡುತ್ತಾರೆ. ಹತ್ತು ಜನಕ್ಕೆ ಹತ್ತು ಕೀ ಚೈನ್ ತರುವ ಬದಲು ಮನೆಗೆಲ್ಲ ಸೇರಿ ಒಂದು ಒಳ್ಳೆಯ ವಸ್ತು ತಂದರೆ ಖರ್ಚೂ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ.

ಕೊಂಡ ಮೇಲೆ ರಸೀದಿ ಕೇಳಿ ಪಡೆಯಿರಿ. ಅದರ ಮೇಲೆ ಮಾಡಿದವರ ಹೆಸರು, ಊರು, ಯಾವುದರಿಂದ ಮಾಡಿದ್ದು ಎಂದು ಬರೆಸಿಕೊಳ್ಳಿ. ಕಸ್ಟಮ್ಸ್‌ನಲ್ಲಿ ಕೇಳಿದರೂ ಅದು ಉಪಯೋಗಕ್ಕೆ ಬರುತ್ತದೆ. ಗಾಜು, ಪಿಂಗಾಣಿಯಾದರೆ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಚಾಕು, ಕತ್ತರಿಯಂಥ ಹರಿತವಾದ ವಸ್ತುಗಳನ್ನು ಮಾತ್ರ ದೊಡ್ಡ ಪೆಟ್ಟಿಗೆಗೆ ಹಾಕಿ. ಬೀಜ, ಹಸಿ ಮರ, ಹದ ಮಾಡದ ಚರ್ಮ ಇದ್ದರೆ ನಿಮ್ಮ ದೇಶದೊಳಗೆ ಬಿಡುತ್ತಾರೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಿ.

— ಸಂಪಾದಕರು