ಕೌಂಟಿ ಕಮಿಷನರ್‌ಗಳನ್ನು ಆರಿಸಬೇಕಾದವರು ಯಾರು: ಇಡೀ ಕೌಂಟಿಯೋ, ಆಯಾ ಕ್ಷೇತ್ರದವರೋ?

ಪ್ರಶ್ನೆ: ನಾನು ಮೂಲತಃ ಹಾಸನ ಜಿಲ್ಲೆಯವನು. ಅಮೆರಿಕದ ಪೌರತ್ವ ಪಡೆದು ಫ್ಲಾರಿಡಾ ರಾಜ್ಯದ ಒಂದು ಕೌಂಟಿಯಲ್ಲಿ ಕುಟುಂಬದೊಂದಿಗೆ ನೆಲೆಸಿದ್ದೇನೆ. ಇಲ್ಲಿ ಐವರು ಕೌಂಟಿ ಕಮಿಷನರ್‌ಗಳಿದ್ದಾರೆ. ಒಬ್ಬೊಬ್ಬರು ಒಂದೊಂದು ಕ್ಷೇತ್ರದ ನಿವಾಸಿಯಾಗಿರಬೇಕೆಂಬ ನಿಯಮವಿದ್ದರೂ ಐವರನ್ನೂ ಆರಿಸುವವರು ಇಡೀ ಕೌಂಟಿಯ ಮತದಾರರು. ಆಯಾ ಕ್ಷೇತ್ರದ ಮತದಾರರಷ್ಟೇ ತಮ್ಮ ಕಮಿಷನರನ್ನು ಆರಿಸುವಂತಾಗಬೇಕೆಂದು ಕೆಲವು ನಾಗರಿಕರು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸುತ್ತಿದ್ದಾರೆ. ಈಗ ಐದೂ ಸ್ಥಾನಗಳಿಗೆ ಮತ ಹಾಕುವ ನಾನು ಮುಂದೆ ಒಂದಕ್ಕೆ ಮಾತ್ರ ಮತ ಹಾಕಬೇಕಾದರೆ ನನ್ನ ಹಕ್ಕು ಕುಗ್ಗಿದಂತಲ್ಲವೇ? ಕೌಂಟಿಯ ತುಂಬ ಚದುರಿರುವ ನಮ್ಮಂಥ ಭಾರತೀಯರಿಗೆ ಇದರಿಂದ ಪ್ರಯೋಜನವಿದೆಯೇ? ಸಹಿ ಹಾಕಬಹುದೇ?

ಉತ್ತರ: ಸಹಿ ಹಾಕಿ ಎಂಬುದೇ ನನ್ನ ಸಲಹೆ. ಆದರೆ ಹಾಕುವ ಮುನ್ನ ಆ ಅರ್ಜಿಯಲ್ಲಿ ಕ್ಷೇತ್ರಗಳ ಗಡಿಯನ್ನು ಯಾರು, ಯಾವಾಗ ಗುರುತಿಸಬೇಕೆಂಬ ಬಗ್ಗೆ ಏನಾದರೂ ಹೇಳಿದೆಯೇ ಎಂದು ನೋಡಿ. ಏನೂ ಇಲ್ಲದಿದ್ದರೆ ಅದನ್ನು ತಂದವರನ್ನೇ ಕೇಳಿ. ಈ ಪ್ರಶ್ನೆಗೆ ಇಷ್ಟು ತೂಕ ಕೊಡುತ್ತಿರುವುದೇಕೆ ಎಂಬುದು ಮುಂದೆ ತಿಳಿಯುತ್ತದೆ.

ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ; ಇಲ್ಲಿನ ಕಮಿಷನರ್‌ಗಳು ನಮ್ಮ ನಗರಪಾಲಿಕೆಗಳ ಆಯುಕ್ತರಂತೆ ಸರ್ಕಾರ ನೇಮಿಸಿದ ಅಧಿಕಾರಿಗಳಲ್ಲ ಎಂಬುದನ್ನು ಊರಿನಲ್ಲಿ ಕುಳಿತು ಓದುವವರಿಗಾಗಿ ಮೊದಲು ಹೇಳಬೇಕು. ಅವರು ಜನರಿಂದ ಆಯ್ಕೆಯಾಗಿ ಬಂದವರು. ಕೌಂಟಿಯ ಆಯವ್ಯಯ, ಆಸ್ತಿ ತೆರಿಗೆಯ ದರ, ಯಾವ ಜಮೀನಿನಲ್ಲಿ ಬಡಾವಣೆ ಬರಬಹುದು, ಯಾವ ರಸ್ತೆಗೆ ಡಾಂಬರು ಬೀಳಬೇಕು, ಗ್ರಂಥಾಲಯ ಮತ್ತು ಉದ್ಯಾನಗಳಿಗೆ ಎಷ್ಟು ಹಣ ಎಂಬುದನ್ನೆಲ್ಲ ತೀರ್ಮಾನಿಸುವವರು ಅವರೇ. ಆದ್ದರಿಂದ ಅವರು ಯಾರಿಗೆ ಉತ್ತರ ಕೊಡಬೇಕಾಗಿದೆ ಎಂಬ ಪ್ರಶ್ನೆ ತೀರ ದೈನಂದಿನ ಬದುಕಿಗೆ ಸೇರಿದ್ದು.

ಇಡೀ ಕೌಂಟಿ ಒಟ್ಟಾಗಿ ಮತ ಹಾಕುವ ಪದ್ಧತಿಯನ್ನು ಸಮರ್ಥಿಸುವವರ ವಾದದಲ್ಲಿ ಹುರುಳಿಲ್ಲದಿಲ್ಲ. ಕಮಿಷನರ್ ತನ್ನ ಬಡಾವಣೆಯ ಹಿತವನ್ನಷ್ಟೇ ನೋಡದೆ ಕೌಂಟಿಯ ಒಟ್ಟು ಹಿತವನ್ನು ನೋಡುತ್ತಾನೆ, ಮತದಾರನಿಗೆ ಐವರ ಮೇಲೂ ಹಿಡಿತವಿರುತ್ತದೆ ಎಂದು ಅವರು ಹೇಳುತ್ತಾರೆ. ಆದರೆ ಆ ಹಿಡಿತ ಎಂಥದ್ದು? ಕೌಂಟಿಯ ಬಹುಸಂಖ್ಯಾತ ಗುಂಪು, ಅದು ಜನಾಂಗದ್ದಾಗಲಿ, ಪಕ್ಷದ್ದಾಗಲಿ, ಒಗ್ಗಟ್ಟಾಗಿ ಮತ ಹಾಕಿದರೆ ಐದಕ್ಕೆ ಐದು ಸ್ಥಾನಗಳನ್ನೂ ತಾನೇ ಪಡೆಯುತ್ತದೆ. ನೂರರಲ್ಲಿ ನಲವತ್ತು ಮಂದಿ ಬೇರೆ ಅಭಿಪ್ರಾಯದವರಾಗಿದ್ದರೂ ಅವರ ಪಾಲಿಗೆ ಒಂದು ಸ್ಥಾನವೂ ಉಳಿಯದೆ ಹೋಗಬಹುದು. ನಮ್ಮ ಗ್ರಾಮ ಪಂಚಾಯಿತಿಗಳ ಬಹುಸದಸ್ಯ ವಾರ್ಡುಗಳಲ್ಲಿ ಎಷ್ಟು ಸ್ಥಾನಗಳೋ ಅಷ್ಟು ಮತ ಹಾಕಿ ಬಂದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ವ್ಯತ್ಯಾಸವೆಂದರೆ ಅಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಮಹಿಳೆಯರಿಗೆ ಸ್ಥಾನ ಮೀಸಲಾಗಿರುತ್ತದೆ. ಅಮೆರಿಕದಲ್ಲಿ ಅಂಥ ಮೀಸಲಾತಿ ಇಲ್ಲ. ಹಾಗಾಗಿ ಅಲ್ಲಿ ಕ್ಷೇತ್ರ ವಿಂಗಡಣೆಯ ಪ್ರಶ್ನೆಗೆ ಇನ್ನಷ್ಟು ಮಹತ್ವ ಬರುತ್ತದೆ.

ಈ ಪದ್ಧತಿ ಎಷ್ಟು ಅನ್ಯಾಯಕ್ಕೆ ಎಡೆಗೊಡಬಲ್ಲದು ಎಂಬುದಕ್ಕೆ ಜಾರ್ಜಿಯಾ ರಾಜ್ಯದ ಬರ್ಕ್ ಕೌಂಟಿಯ ಪ್ರಕರಣವನ್ನು ಪ್ರತಿಯೊಬ್ಬ ಮತದಾರನೂ ತಿಳಿದಿರಬೇಕು. ಅಲ್ಲಿ 1911ರಿಂದ ಐವರು ಕಮಿಷನರ್‌ಗಳನ್ನು ಇಡೀ ಕೌಂಟಿ ಒಟ್ಟಾಗಿ ಆರಿಸುತ್ತಿತ್ತು. 1980ರ ಜನಗಣತಿಯ ಪ್ರಕಾರ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನರು. ಆದರೂ ಅಲ್ಲಿಯವರೆಗೆ ಒಬ್ಬನೇ ಒಬ್ಬ ಕಪ್ಪು ಅಭ್ಯರ್ಥಿಯೂ ಕಮಿಷನರ್ ಆಗಿರಲಿಲ್ಲ. ದೀರ್ಘಕಾಲದ ತಾರತಮ್ಯದಿಂದಾಗಿ ನೋಂದಾಯಿತ ಮತದಾರರಲ್ಲಿ ಅವರ ಪಾಲು 1978ರಲ್ಲಿ ಕೇವಲ ಶೇ 38ರಷ್ಟಿತ್ತು. ಬಿಳಿಯರು ಒಟ್ಟಾಗಿ ಮತ ಹಾಕುತ್ತಿದ್ದರು. ಕಮಿಷನರ್‌ಗಳು ಯಾವ ಭಾಗದಲ್ಲಿ ವಾಸಿಸಬೇಕೆಂಬ ನಿಯಮವೂ ಇರಲಿಲ್ಲವಾದ್ದರಿಂದ ಐವರೂ ಬಿಳಿಯರ ಬಡಾವಣೆಗಳಿಂದಲೇ ಬರಬಹುದಾಗಿತ್ತು. ರಸ್ತೆಗಳಿಗೆ ಡಾಂಬರು ಹಾಕಿಸುವುದರಲ್ಲಿ ಕೂಡ ತಾರತಮ್ಯ ನಡೆದಿದೆ ಎಂದು ವಿಚಾರಣಾ ನ್ಯಾಯಾಲಯ ಗುರುತಿಸಿತು. ಎಂಟು ಮಂದಿ ಕಪ್ಪು ನಾಗರಿಕರು 1976ರಲ್ಲಿ ಹೂಡಿದ ಈ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1982ರ ಜುಲೈ 1ರಂದು 6–3ರ ಬಹುಮತದಿಂದ ಅವರ ಪರವಾಗಿ ತೀರ್ಪು ನೀಡಿತು. ಆ ವ್ಯವಸ್ಥೆಯನ್ನು ತಾರತಮ್ಯದ ಉದ್ದೇಶದಿಂದಲೇ ಉಳಿಸಿಕೊಳ್ಳಲಾಗಿತ್ತು ಎಂಬ ಕೆಳಗಿನ ನ್ಯಾಯಾಲಯಗಳ ನಿರ್ಣಯವನ್ನು ಅದು ಎತ್ತಿಹಿಡಿಯಿತು. ಮೊಕದ್ದಮೆಯ ಮುಂಚೂಣಿಯಲ್ಲಿದ್ದ ಹರ್ಮನ್ ಲಾಡ್ಜ್ ಅವರೇ ಮುಂದೆ ಕಮಿಷನರ್ ಆಗಿ ಆಯ್ಕೆಯಾದರು. ನಿಮ್ಮ ರಾಜ್ಯದಲ್ಲೇ ಇನ್ನೊಂದು ಉದಾಹರಣೆ ಇದೆ: ಮಯಾಮಿ ನಗರವಿರುವ ಡೇಡ್ ಕೌಂಟಿಯಲ್ಲಿ 1992ರ ಫೆಡರಲ್ ನ್ಯಾಯಾಲಯದ ತೀರ್ಪಿನ ನಂತರ ಕೌಂಟಿವ್ಯಾಪಿ ಚುನಾವಣೆ ಹೋಗಿ 13 ಏಕಸದಸ್ಯ ಕ್ಷೇತ್ರಗಳು ಬಂದವು.

ಇವು ನ್ಯಾಯಾಲಯದ ಮೂಲಕ ಬಂದ ಬದಲಾವಣೆಗಳು. ನಿಮ್ಮ ನೆರೆಹೊರೆಯವರು ಹಿಡಿದಿರುವ ದಾರಿ ಬೇರೆ, ಮತ್ತು ಅದಕ್ಕೆ ಹತ್ತಿರದ ಮಾದರಿ ನಿಮ್ಮದೇ ರಾಜ್ಯದ ಸರಸೋಟ ಕೌಂಟಿ. 2020ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 4.34 ಲಕ್ಷ. ನಿಮ್ಮಲ್ಲಿರುವಂತೆಯೇ ಅಲ್ಲಿಯೂ ವಾಸಕ್ಕೆ ಕ್ಷೇತ್ರ, ಮತಕ್ಕೆ ಇಡೀ ಕೌಂಟಿ ಎಂಬ ವ್ಯವಸ್ಥೆ ಇತ್ತು. ಇಷ್ಟು ಜನರನ್ನು ತಲುಪಲು ಬೇಕಾಗುವ ಟಿ.ವಿ. ಜಾಹೀರಾತು, ಅಂಚೆಯ ಕರಪತ್ರಗಳ ವೆಚ್ಚ ಸಾಮಾನ್ಯ ಅಭ್ಯರ್ಥಿಯ ಕೈಗೆಟುಕುವಂಥದ್ದಲ್ಲ. ಅದನ್ನು ಭರಿಸಬಲ್ಲವರು ದೊಡ್ಡ ದಾನಿಗಳು, ಮುಖ್ಯವಾಗಿ ಬಡಾವಣೆ ಕಟ್ಟುವವರು ಎಂಬುದು ನಾಗರಿಕರ ಅಸಮಾಧಾನವಾಗಿತ್ತು. ಕ್ಷೇತ್ರವೊಂದಕ್ಕೆ ಸುಮಾರು 87,000 ಜನರಾದರೆ ಅಭ್ಯರ್ಥಿ ಕಾಲ್ನಡಿಗೆಯಲ್ಲೇ ಬಹುಪಾಲು ಮನೆಗಳನ್ನು ಮುಟ್ಟಬಹುದು. ಸಹಿ ಸಂಗ್ರಹಿಸಿ ಕೌಂಟಿಯ ಚಾರ್ಟರ್‌ಗೆ (ಆಡಳಿತದ ಮೂಲ ನಿಯಮಾವಳಿಗೆ) ತಿದ್ದುಪಡಿ ತರುವ ಪ್ರಸ್ತಾವವನ್ನು ಅವರು 2018ರ ನವೆಂಬರ್ ಮತಪತ್ರದಲ್ಲಿ ಸೇರಿಸುವಂತೆ ಮಾಡಿದರು. ಸುಮಾರು ಶೇ 60ರಷ್ಟು ಮತದಾರರು ಒಪ್ಪಿಗೆ ಕೊಟ್ಟರು.

ಅಲ್ಲಿಗೆ ಗೆದ್ದೆವೆಂದು ಭಾವಿಸಿದವರಿಗೆ ಮುಂದಿನ ವರ್ಷವೇ ಪೆಟ್ಟು ಬಿತ್ತು. ಫ್ಲಾರಿಡಾ ಕಾನೂನಿನಲ್ಲಿ ಕಮಿಷನರ್‌ಗಳ ಮಂಡಳಿ ತನ್ನ ಕ್ಷೇತ್ರಗಳ ಗಡಿಯನ್ನು ಬೆಸ ಸಂಖ್ಯೆಯ ವರ್ಷಗಳಲ್ಲಿ ಮರುರಚಿಸಬಹುದು. ಹೊಸ ಜನಗಣತಿಗೆ ಇನ್ನೇನು ಕೆಲವೇ ತಿಂಗಳುಗಳಿವೆ ಎನ್ನುವಾಗ, 2019ರಲ್ಲಿ, ಸರಸೋಟದ ಮಂಡಳಿ ಗಡಿಗಳನ್ನು ಬದಲಿಸಿತು. ಕಪ್ಪು ಜನರು ತಲೆಮಾರುಗಳಿಂದ ವಾಸಿಸುತ್ತಿರುವ ನ್ಯೂಟೌನ್ ಪ್ರದೇಶ ಒಂದನೇ ಕ್ಷೇತ್ರದಿಂದ ಎರಡನೇ ಕ್ಷೇತ್ರಕ್ಕೆ ಹೋಯಿತು. ಒಂದನೇ ಕ್ಷೇತ್ರದ ಚುನಾವಣೆ ಇದ್ದದ್ದು 2020ರಲ್ಲಿ; ಎರಡನೆಯದು 2022ರಲ್ಲಿ. ಹೊಸ ಪದ್ಧತಿಯ ಮೊದಲ ಚುನಾವಣೆಯಲ್ಲೇ ತಮ್ಮ ಪ್ರತಿನಿಧಿಯನ್ನು ಆರಿಸುವ ನಿರೀಕ್ಷೆಯಲ್ಲಿದ್ದ ಜನ ಇನ್ನೆರಡು ವರ್ಷ ಕಾಯಬೇಕಾಯಿತು. ನಿವಾಸಿಗಳು ಫೆಡರಲ್ ನ್ಯಾಯಾಲಯಕ್ಕೆ ಹೋದರು, ಆದರೆ ತೀರ್ಪು ಕೌಂಟಿಯ ಪರವಾಗಿ ಬಂತು. ಕಾನೂನಿನ ಕಣ್ಣಿಗೆ ಅದು ತಪ್ಪಲ್ಲದಿರಬಹುದು. ಜನಾದೇಶ ಬಂದ ಮರುವರ್ಷವೇ, ಆ ಆದೇಶದಿಂದ ಲಾಭ ನಷ್ಟ ಎರಡೂ ಆಗುವವರೇ ಕುಳಿತು ಗಡಿ ಬದಲಿಸುವುದು ಸರಿಯಲ್ಲವೆಂದೇ ನಾನು ನಂಬುತ್ತೇನೆ. ಅಷ್ಟಕ್ಕೂ ನಿಲ್ಲದೆ, ಹಳೆಯ ಪದ್ಧತಿಗೆ ಮರಳುವ ಪ್ರಸ್ತಾವವನ್ನು ಮಂಡಳಿ 2022ರ ಮಾರ್ಚ್‌ನಲ್ಲಿ ಜನರ ಮುಂದಿಟ್ಟಿತು. ಮತದಾರರು ಅದನ್ನು ಸ್ಪಷ್ಟ ಬಹುಮತದಿಂದ ತಿರಸ್ಕರಿಸಿದರು. ಒಮ್ಮೆ ತಮ್ಮದೇ ಕ್ಷೇತ್ರದ ಕಮಿಷನರನ್ನು ಆರಿಸಿದ ಮೇಲೆ ಆ ಹಕ್ಕನ್ನು ಬಿಟ್ಟುಕೊಡಲು ಜನ ಸಿದ್ಧರಿರಲಿಲ್ಲ ಎಂಬುದು ನಿಮ್ಮ ಮೊದಲ ಪ್ರಶ್ನೆಗೆ ಒಂದು ಮಟ್ಟಿಗೆ ಉತ್ತರವೂ ಹೌದು. ಐವರನ್ನು ಆರಿಸುವಲ್ಲಿ ನಾಲ್ಕು ಲಕ್ಷ ಜನರಲ್ಲಿ ಒಬ್ಬರಾಗಿರುವುದಕ್ಕಿಂತ, ಒಬ್ಬರನ್ನು ಆರಿಸುವಲ್ಲಿ 87,000 ಜನರಲ್ಲಿ ಒಬ್ಬರಾಗಿರುವುದರಿಂದ ಕಮಿಷನರ್ ನಿಮ್ಮ ಮಾತಿಗೆ ಕಿವಿಗೊಡುವ ಸಾಧ್ಯತೆ ಹೆಚ್ಚು.

ಒಂದು ವಿಷಯವನ್ನು ಮರೆಮಾಚಬಾರದು. ಹೊಸ ಪದ್ಧತಿಯಲ್ಲಿ 2020 ಮತ್ತು 2022ರಲ್ಲಿ ಸರಸೋಟದಲ್ಲಿ ಗೆದ್ದವರೆಲ್ಲ ಮೊದಲಿನಂತೆ ರಿಪಬ್ಲಿಕನ್ ಪಕ್ಷದವರೇ. ಚುನಾವಣಾ ಪದ್ಧತಿ ಬದಲಾದ ಮಾತ್ರಕ್ಕೆ ಅಧಿಕಾರದಲ್ಲಿರುವ ಪಕ್ಷ ಬದಲಾಗುತ್ತದೆ ಎಂದು ಯಾರಾದರೂ ನಿಮಗೆ ಭರವಸೆ ಕೊಟ್ಟರೆ ನಂಬಬೇಡಿ.

ಗಡಿ ಗುರುತಿಸುವ ಕೆಲಸವನ್ನು ಕಮಿಷನರ್‌ಗಳ ಕೈಯಿಂದ ತಪ್ಪಿಸಲು ಸಾಧ್ಯ ಎಂಬುದನ್ನು ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಕೌಂಟಿ ತೋರಿಸಿದೆ. ಅಲ್ಲಿ ಮೂವರು ಕಮಿಷನರ್‌ಗಳಿದ್ದರು. ಪ್ರಾಥಮಿಕ ಚುನಾವಣೆ, ಅಂದರೆ ಅಂತಿಮ ಕಣಕ್ಕೆ ಅಭ್ಯರ್ಥಿಗಳನ್ನು ಆರಿಸುವ ಮೊದಲ ಸುತ್ತು, ಕ್ಷೇತ್ರದೊಳಗೆ, ಅಂತಿಮ ಚುನಾವಣೆ ಇಡೀ ಕೌಂಟಿಯಲ್ಲಿ ನಡೆಯುತ್ತಿತ್ತು. ರಾಜ್ಯ ಶಾಸನಸಭೆ 2018ರಲ್ಲಿ ಮಾಡಿದ ಕಾಯ್ದೆ ಸಂಖ್ಯೆಯನ್ನು ಐದಕ್ಕೆ ಏರಿಸಿ, ಎರಡೂ ಹಂತಗಳನ್ನು ಕ್ಷೇತ್ರಕ್ಕೆ ಸೀಮಿತಗೊಳಿಸಿ, ನಕ್ಷೆ ಬರೆಯುವ ಹೊಣೆಯನ್ನು ಎರಡೂ ಪಕ್ಷಗಳ ಪರವಾಗಿ ನೇಮಕಗೊಂಡ ಪ್ರತ್ಯೇಕ ಸಮಿತಿಗೆ ವಹಿಸಿತು. ಕೌಂಟಿ ಇದನ್ನು ಪ್ರಶ್ನಿಸಿದರೂ ರಾಜ್ಯದ ಸುಪ್ರೀಂ ಕೋರ್ಟ್ 2020ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು, 2022ರಲ್ಲಿ ಹೊಸ ಕ್ಷೇತ್ರಗಳಲ್ಲಿ ಚುನಾವಣೆ ನಡೆಯಿತು. ನಿಮ್ಮದು ಚಾರ್ಟರ್ ಇರುವ ಕೌಂಟಿಯಾಗಿದ್ದರೆ ಇಂಥ ಸಮಿತಿಯನ್ನು ಚಾರ್ಟರ್‌ನಲ್ಲೇ ಸೇರಿಸಲು ಅವಕಾಶವಿದೆಯೇ ಎಂದು ಅಭಿಯಾನದವರು ವಕೀಲರಿಂದ ಪರಿಶೀಲಿಸಿಕೊಳ್ಳಲಿ. ಚಾರ್ಟರ್ ಇಲ್ಲದಿದ್ದರೆ ರಾಜ್ಯದ ಕಾಯ್ದೆಯೇ ಅನ್ವಯಿಸುತ್ತದೆ: ಕೌಂಟಿಯ ಅರ್ಹ ಮತದಾರರಲ್ಲಿ ಶೇ 10ರಷ್ಟು ಮಂದಿ ಸಹಿ ಮಾಡಿದರೆ ಐದು ಏಕಸದಸ್ಯ ಕ್ಷೇತ್ರಗಳು, ಅಥವಾ ಐದು ಕ್ಷೇತ್ರಗಳ ಜೊತೆಗೆ ಎರಡು ಕೌಂಟಿವ್ಯಾಪಿ ಸ್ಥಾನಗಳು ಎಂಬ ಪ್ರಸ್ತಾವ ಜನಮತಕ್ಕೆ ಹೋಗುತ್ತದೆ. ಮತಪತ್ರದಲ್ಲಿ ಪ್ರಸ್ತಾವದ ಸಾರಾಂಶ 75 ಪದಗಳನ್ನು ಮೀರುವಂತಿಲ್ಲವಾದ್ದರಿಂದ ಅದನ್ನಷ್ಟೇ ನೆಚ್ಚಿಕೊಳ್ಳದೆ ಪೂರ್ಣ ಪಠ್ಯವನ್ನು ತರಿಸಿ ಓದಿ. ಕರ್ನಾಟಕದಲ್ಲಿ ಪಂಚಾಯಿತಿ ಚುನಾವಣೆಯ ಪದ್ಧತಿಯನ್ನು ಬದಲಿಸಬೇಕಾದರೆ ವಿಧಾನಮಂಡಲವೇ ಕಾಯ್ದೆಯನ್ನು ತಿದ್ದಬೇಕು. ನಾಗರಿಕರೇ ಪ್ರಸ್ತಾವವನ್ನು ಬರೆದು ನೇರವಾಗಿ ಮತಕ್ಕೆ ಹಾಕಿಸುವ ಅವಕಾಶ ನಿಮಗಿದೆ. ಅದರ ಬೆಲೆ ತಿಳಿದು ಬಳಸಿ.

ಇನ್ನು ಚದುರಿ ವಾಸಿಸುವ ಭಾರತೀಯರ ಪ್ರಶ್ನೆ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಒಂದೇ ಕಡೆ ಗುಂಪಾಗಿ ನೆಲೆಸಿರುವ ಸಮುದಾಯಕ್ಕೆ ಏಕಸದಸ್ಯ ಕ್ಷೇತ್ರದಿಂದ ಸಿಗುವ ಬಲ, ಅಲ್ಲಲ್ಲಿ ಹರಡಿಕೊಂಡವರಿಗೆ ಸಿಗುವುದಿಲ್ಲ. ಅದಕ್ಕೆ ಬೇರೆ ಪರಿಹಾರಗಳಿವೆ. ಅಲಬಾಮದ ಚಿಲ್ಟನ್ ಕೌಂಟಿ ಮತದಾನ ಹಕ್ಕಿನ ಮೊಕದ್ದಮೆಯೊಂದರ ರಾಜಿಯ ಭಾಗವಾಗಿ 1988ರಲ್ಲಿ ಒಂದು ಪದ್ಧತಿಯನ್ನು ತಂದಿತು: ಏಳು ಕಮಿಷನರ್ ಸ್ಥಾನಗಳಿಗೆ ಪ್ರತಿ ಮತದಾರನಿಗೆ ಏಳು ಮತ, ಬೇಕಿದ್ದರೆ ಏಳನ್ನೂ ಒಬ್ಬರಿಗೇ ಹಾಕಬಹುದು. ಜನಸಂಖ್ಯೆಯಲ್ಲಿ ಹತ್ತರಲ್ಲೊಂದು ಪಾಲಿನಷ್ಟಿದ್ದ ಕಪ್ಪು ಜನರು ಹೀಗೆ ಮತ ಕೇಂದ್ರೀಕರಿಸಿ ಬಾಬಿ ಏಜಿ ಅವರನ್ನು ಗೆಲ್ಲಿಸಿಕೊಂಡರು. ಆರೆಗನ್ ರಾಜ್ಯದ ಮಲ್ಟ್‌ನೋಮಾ ಕೌಂಟಿಯ ಮತದಾರರು 2022ರಲ್ಲಿ ಅಭ್ಯರ್ಥಿಗಳಿಗೆ ಆದ್ಯತೆಯ ಕ್ರಮದಲ್ಲಿ ಮತ ಹಾಕುವ ಪದ್ಧತಿಗೆ ಒಪ್ಪಿಗೆ ನೀಡಿದ್ದಾರೆ. ಆದರೆ ನಿಮ್ಮ ಮುಂದಿರುವ ಅರ್ಜಿ ಇವುಗಳ ಬಗ್ಗೆ ಅಲ್ಲ. ಇರುವ ಎರಡರಲ್ಲಿ ಹೋಲಿಸಿದರೆ, ಸಣ್ಣ ಕ್ಷೇತ್ರದಲ್ಲಿ ಕೆಲವು ನೂರು ಮತಗಳಿಗೆ ಬರುವ ತೂಕ ಇಡೀ ಕೌಂಟಿಯಲ್ಲಿ ಬರುವುದಿಲ್ಲ, ಮತ್ತು ನಮ್ಮವರೊಬ್ಬರು ತಾವೇ ಸ್ಪರ್ಧಿಸಬೇಕೆಂದರೆ ಸಣ್ಣ ಕ್ಷೇತ್ರದಲ್ಲಿ ಮಾತ್ರ ಅದು ನಿಜವಾಗಿ ಸಾಧ್ಯ. ನೀವು ಯಾವ ಪಕ್ಷಕ್ಕೂ ಸೇರದೆ ಹೆಸರು ನೋಂದಾಯಿಸಿದ್ದರೆ ಇನ್ನೊಂದು ಮಾತು: ಫ್ಲಾರಿಡಾದ ಪ್ರಾಥಮಿಕ ಚುನಾವಣೆಗಳಲ್ಲಿ ಸಾಮಾನ್ಯವಾಗಿ ಆಯಾ ಪಕ್ಷದಲ್ಲಿ ನೋಂದಾಯಿತರಾದವರಿಗಷ್ಟೇ ಮತವಿದೆ. ಒಂದೇ ಪಕ್ಷದ ಪ್ರಾಬಲ್ಯವಿರುವ ಕ್ಷೇತ್ರದಲ್ಲಿ ನಿಜವಾದ ಆಯ್ಕೆ ಅಲ್ಲಿಯೇ ಮುಗಿದುಹೋಗಿರುತ್ತದೆ.

ಪ್ರಶ್ನೆ: ನಾವು ಟ್ಯಾಂಪಾದಲ್ಲಿದ್ದೇವೆ. ನನ್ನ ಯಜಮಾನರು ಅಮೆರಿಕದ ನಾಗರಿಕರು, ನನ್ನ ಬಳಿ ಗ್ರೀನ್ ಕಾರ್ಡ್ ಇದೆ. ಇಂಥ ಅರ್ಜಿಗೆ ನಾನೂ ಸಹಿ ಹಾಕಬಹುದೇ?

ಉತ್ತರ: ನೀವು ಹಾಕುವಂತಿಲ್ಲ. ಕೌಂಟಿಯ ನೋಂದಾಯಿತ ಮತದಾರರ ಸಹಿಗೆ ಮಾತ್ರ ಬೆಲೆ; ಪ್ರತಿ ಸಹಿಯನ್ನೂ ಚುನಾವಣಾ ಮೇಲ್ವಿಚಾರಕರ ಕಚೇರಿ ಮತದಾರರ ದಾಖಲೆಯೊಂದಿಗೆ ತಾಳೆ ನೋಡುತ್ತದೆ. ನಿಮ್ಮ ಯಜಮಾನರು ಮತದಾರರಾಗಿದ್ದರೆ ಹಾಕಬಹುದು, ಆದರೆ ಒಂದೇ ಅರ್ಜಿಗೆ ಬೇಕೆಂದೇ ಎರಡು ಬಾರಿ ಸಹಿ ಮಾಡುವುದು ಫ್ಲಾರಿಡಾದಲ್ಲಿ ಅಪರಾಧ. ನಿಮಗೆ ಇನ್ನೊಂದು ಎಚ್ಚರಿಕೆ ಅತ್ಯಗತ್ಯ. ಸಹಿ ಸಂಗ್ರಹಕ್ಕೆ ಬರುವವರು ಕೆಲವೊಮ್ಮೆ ಮತದಾರರ ನೋಂದಣಿ ಫಾರಂಗಳನ್ನೂ ಜೊತೆಯಲ್ಲಿ ತರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಅವರು ಮುಂದೆ ಹಿಡಿದರೂ ಅದನ್ನು ತುಂಬಬೇಡಿ. ನಾಗರಿಕರಲ್ಲದವರು ತಾವು ನಾಗರಿಕರೆಂದು ಹೇಳಿ ಮತದಾರರಾಗಿ ನೋಂದಾಯಿಸಿಕೊಂಡರೆ ಅದು ಫೆಡರಲ್ ಅಪರಾಧವಾಗುತ್ತದೆ, ಗಡೀಪಾರಿಗೂ ಮುಂದೆ ಪೌರತ್ವ ನಿರಾಕರಣೆಗೂ ಕಾರಣವಾಗಬಹುದು.

ಹಾಗೆಂದು ನೀವು ಹೊರಗಿನವರಲ್ಲ. ನಿಮ್ಮ ಹಿಲ್ಸ್‌ಬರೋ ಕೌಂಟಿಯ ಏಳು ಕಮಿಷನರ್‌ಗಳಲ್ಲಿ ನಾಲ್ವರು ಕ್ಷೇತ್ರಗಳಿಂದ, ಮೂವರು ಇಡೀ ಕೌಂಟಿಯಿಂದ ಆಯ್ಕೆಯಾಗುತ್ತಾರೆ. ಜನಗಣತಿ ಮುಗಿದು ಗಡಿಗಳನ್ನು ಮರುರಚಿಸುವಾಗ ಲೆಕ್ಕಕ್ಕೆ ಹಿಡಿಯುವುದು ಮತದಾರರನ್ನಷ್ಟೇ ಅಲ್ಲ, ಅಲ್ಲಿ ವಾಸಿಸುವ ಎಲ್ಲರನ್ನೂ. ನಿಮ್ಮನ್ನು, ನಿಮ್ಮ ಮಕ್ಕಳನ್ನು ಕೂಡ. ಮಂಡಳಿಯ ಸಭೆಗಳಲ್ಲಿ ಸಾರ್ವಜನಿಕರಿಗೆ ಮಾತನಾಡುವ ಅವಕಾಶ ಕೊಡಬೇಕೆಂದು ರಾಜ್ಯದ ಕಾನೂನು ಹೇಳುತ್ತದೆ, ಅದಕ್ಕೆ ಪೌರತ್ವದ ಷರತ್ತಿಲ್ಲ. ಕರಡು ನಕ್ಷೆ ಪ್ರಕಟವಾದಾಗ ನಿಮ್ಮ ಬಡಾವಣೆ, ಮಕ್ಕಳ ಶಾಲೆ, ನಿತ್ಯ ಓಡಾಡುವ ರಸ್ತೆ ಒಂದೇ ಕ್ಷೇತ್ರದಲ್ಲಿವೆಯೇ ಎಂದು ನೋಡಿ, ಇಲ್ಲವಾದರೆ ಏಕೆ ಇರಬೇಕೆಂದು ಲಿಖಿತವಾಗಿಯೂ ಕೊಟ್ಟು ಸಭೆಯಲ್ಲಿಯೂ ಹೇಳಿ. ಸಹಿ ಸಂಗ್ರಹಿಸುವ ಕೆಲಸದಲ್ಲಿ ಸ್ವತಃ ತೊಡಗುವ ಮನಸ್ಸಿದ್ದರೆ ಮಾತ್ರ ಮೊದಲು ಚುನಾವಣಾ ಮೇಲ್ವಿಚಾರಕರ ಕಚೇರಿಯಲ್ಲಿ ವಿಚಾರಿಸಿ, ಅವರ ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ.